ತೊಡೆಯೇ ಬ್ರೇಕು

ಕುಮಾರ ಪರ್ವತದ ತುದಿ ಸಮುದ್ರಮಟ್ಟದಿಂದ 1,712 ಮೀಟರ್ ಎತ್ತರದಲ್ಲಿದೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟವರು ಸುಮಾರು ಒಂದೂವರೆ ಸಾವಿರ ಮೀಟರ್ ಏರಬೇಕು. ಬೆನ್ನಚೀಲ ಹಗುರವಾಗಿರಲಿ ಎಂದು ಹೇಳುವವರೆಲ್ಲ ಈ ಏರನ್ನು ನೆನೆದೇ ಹೇಳುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. 15 ಕೆ.ಜಿ. ಚೀಲವನ್ನು 8ಕ್ಕೆ ಇಳಿಸಿದರೆ ಕಡಿಮೆಯಾಗುವುದು 7 ಕೆ.ಜಿ. ಅಷ್ಟು ಭಾರವನ್ನು 1,500 ಮೀಟರ್ ಎತ್ತುವ ಕೆಲಸಕ್ಕೆ ಬೇಕಾದದ್ದು ಸುಮಾರು 25 ಕಿಲೊಕ್ಯಾಲೊರಿ. ಸ್ನಾಯು ತಾನು ಉರಿಸಿದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸಕ್ಕೆ ತಿರುಗಿಸಿ ಉಳಿದದ್ದನ್ನು ಶಾಖವಾಗಿ ಬಿಟ್ಟುಬಿಡುತ್ತದೆ. ಹಾಗಾಗಿ ಖರ್ಚು ನೂರು ಎಂದಿಟ್ಟುಕೊಳ್ಳೋಣ. ಒಂದು ಬಾಳೆಹಣ್ಣು ತಿಂದರೆ ಹೆಚ್ಚುಕಡಿಮೆ ತುಂಬಿಬಂತು. ಏರುವಾಗ ಏದುಸಿರು ಬರುವುದು ನಿಜ, ಆದರೆ ನೆರಳಲ್ಲಿ ಸ್ವಲ್ಪ ಹೊತ್ತು ನಿಂತರೆ ಅದು ತಣಿಯುತ್ತದೆ. ಭಾರಕ್ಕೆ ದುಬಾರಿ ಬೆಲೆ ತೆರುವುದು ಇಳಿಯುವಾಗ.

ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ದೇಹ ಕೆಳಕ್ಕೆ ಬೀಳುತ್ತದೆ, ಆ ಬೀಳುವಿಕೆಯನ್ನು ತೊಡೆಯ ಮುಂಭಾಗದ ಸ್ನಾಯು ತಡೆಯುತ್ತದೆ. ಸಾಮಾನ್ಯವಾಗಿ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಲ್ಲಿ ಮಾತ್ರ ಅದು ಬಿಗಿ ಹಿಡಿದುಕೊಂಡೇ ಹಿಗ್ಗಬೇಕು, ಹಗ್ಗವನ್ನು ಪೂರ್ತಿ ಬಿಡದೆ ಅಷ್ಟಷ್ಟೇ ಸಡಿಲಿಸುತ್ತಾ ಬಿಂದಿಗೆಯನ್ನು ಬಾವಿಗಿಳಿಸುವವರ ಕೈಯ ಹಾಗೆ. ಈ ಕೆಲಸಕ್ಕೆ ಶಕ್ತಿ ಕಡಿಮೆ ಸಾಕು, ಆದ್ದರಿಂದಲೇ ಇಳಿಯುವಾಗ ಆಯಾಸ ಗೊತ್ತಾಗುವುದಿಲ್ಲ. ಆದರೆ ಎಳೆತಕ್ಕೆ ಸಿಕ್ಕ ಸ್ನಾಯುತಂತುಗಳ ಒಳಗೆ ಸೂಕ್ಷ್ಮವಾದ ಬಿರುಕುಗಳು ಬೀಳುತ್ತವೆ. ಮರುದಿನ, ಅದರ ಮರುದಿನ ಮೆಟ್ಟಿಲಿಳಿಯಲಾಗದಂತೆ ತೊಡೆ ಹಿಡಿದುಕೊಳ್ಳುವುದು ಈ ಕಾರಣಕ್ಕೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡು ನೋವಾಗುತ್ತದೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಆದರೆ ಆ ಆಮ್ಲ ಒಂದೆರಡು ಗಂಟೆಗಳಲ್ಲೇ ರಕ್ತದಿಂದ ತೆರವಾಗಿರುತ್ತದೆ. ಹೆಜ್ಜೆಗೆ 20 ಸೆಂಟಿಮೀಟರ್‌ನಂತೆ ಇಳಿದರೂ 1,500 ಮೀಟರಿಗೆ 7,500 ಹೆಜ್ಜೆ. ಹೆಚ್ಚುವರಿ 7 ಕೆ.ಜಿ.ಯನ್ನು ಅಷ್ಟು ಸಲ ತಡೆದು ನಿಲ್ಲಿಸಿದರೆ ಒಟ್ಟು 52 ಟನ್ ದಾಟುತ್ತದೆ. ಮಡಿಸಿದ ಮಂಡಿಯ ಚಿಪ್ಪಿನ ಮೇಲೆ ಬೀಳುವ ಒತ್ತಡವಂತೂ ಹೊತ್ತ ಭಾರದ ಹಲವು ಪಟ್ಟು.

ಹಾಗಾದರೆ ಇದಕ್ಕಿಂತ ಎಷ್ಟೋ ಹೆಚ್ಚು ಹೊರುವ ನೇಪಾಳದ ಹೊರೆಯಾಳುಗಳ ಮಾತೇನು? ಅವರನ್ನು ಅಳೆದುನೋಡಿದ ಅಧ್ಯಯನವೊಂದು 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅಲ್ಲಿನ ನಾಮ್ಚೆ ಎಂಬ ಊರಿನ ಸಂತೆಗೆ ಸರಕು ಒಯ್ಯುವ ಗಂಡಸರ ಹೊರೆ ಸರಾಸರಿಯಲ್ಲಿ ಅವರ ದೇಹತೂಕದ 93 ಪ್ರತಿಶತದಷ್ಟಿತ್ತು, ಅದೂ ಹಣೆಗೆ ಕಟ್ಟಿದ ಪಟ್ಟಿಯ ಆಸರೆಯಲ್ಲಿ. ಆದರೆ ಅವರು ನಿಧಾನವಾಗಿ ನಡೆಯುತ್ತಾರೆ, ಮತ್ತೆ ಮತ್ತೆ ನಿಂತು ಸುಧಾರಿಸಿಕೊಳ್ಳುತ್ತಾರೆ, ವರ್ಷಗಟ್ಟಲೆ ಅದೇ ದಾರಿ ತುಳಿದಿರುತ್ತಾರೆ. ಒಮ್ಮೆ ಇಳಿಜಾರಿಗೆ ಒಗ್ಗಿದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟನ್ನು ಹೆಚ್ಚು ನೋವಿಲ್ಲದೆ ತಾಳಿಕೊಳ್ಳುತ್ತದೆ. ವಾರವಿಡೀ ಕುರ್ಚಿಯಲ್ಲಿ ಕೂತು ಶನಿವಾರ ಬೆಟ್ಟಕ್ಕೆ ಹೊರಡುವ ತೊಡೆಗೆ ಆ ರಕ್ಷಣೆ ಇರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಹಗುರ ಮಾಡುವ ಹುಮ್ಮಸ್ಸಿನಲ್ಲಿ ಜೀವ ಕಾಯುವ ವಸ್ತುವನ್ನೇ ಬಿಟ್ಟುಹೋದರೆ? ಈ ಭಯ ನ್ಯಾಯವಾದದ್ದು. ನೆನೆದ ಮೈಗೆ ಗಾಳಿ ಹೊಡೆದರೆ ನಮ್ಮ ಘಟ್ಟದಲ್ಲೂ ದೇಹದ ಉಷ್ಣತೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ಒಟ್ಟು ತೂಕಕ್ಕಿಂತ, ತುದಿ ಮುಟ್ಟಿ ಮರಳಿ ಇಳಿಯುವ ತೂಕವನ್ನು ನೋಡಬೇಕು ಎಂಬುದು ನನ್ನ ವಾದ. ಮೂರು ಲೀಟರ್ ನೀರು ಮೂರು ಕೆ.ಜಿ. ನಿಜ, ಆದರೆ ಅದರ ಬಹುಪಾಲು ಏರುವಾಗಲೇ ಹೊಟ್ಟೆ ಸೇರಿ ಬೆವರಾಗಿ ಹೋಗಿರುತ್ತದೆ. ಬುತ್ತಿಯೂ ಹಾಗೆಯೇ. ಎರಡನೆಯ ಜೀನ್ಸ್, ಸ್ಟೀಲ್ ಡಬ್ಬಿ, ಸ್ಪೀಕರ್ ಇವು ಮೇಲೆ ಹೋದಷ್ಟೇ ಭಾರವಾಗಿ ಕೆಳಗೂ ಬರುತ್ತವೆ. ನೀರು, ಬುತ್ತಿ, ಮಳೆಯಂಗಿ, ಟಾರ್ಚ್, ಒಂದು ಬೆಚ್ಚನೆಯ ಅಂಗಿ ಚೀಲದಲ್ಲಿರಲಿ. ಉಳಿದದ್ದನ್ನು ಮನೆಯಲ್ಲೇ ತೆಗೆದಿಡಿ, ಹೊರಡುವ ಎರಡು ವಾರ ಮೊದಲಿನಿಂದ ಲಿಫ್ಟ್ ಬಿಟ್ಟು ಮೆಟ್ಟಿಲಿನಲ್ಲಿ ಇಳಿಯಿರಿ.