ಕಟ್ಟುವುದು, ಕಟ್ಟಿಸುವುದು: ಕಾಸರಗೋಡಿನ ಬೀಡಿ ಕೆಲಸದಲ್ಲಿ ಪ್ರೇರಣೆ, ರಚನೆ ಮತ್ತು ನಾಯಕತ್ವ

ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. ಸಾಹಿತ್ಯ ಓದುವವಳು ನೌಕರರ ಪ್ರೇರಣೆ, ಸಂಸ್ಥೆಯ ರಚನೆ, ನಾಯಕತ್ವ ಅಂತ ಯಾಕೆ ಮಾತಾಡ್ತಾಳೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ನಮ್ಮ ಮನೆಯಲ್ಲೇ ಉಂಟು. ನನ್ನ ಅಜ್ಜಿ ಕುಂಬಳೆ ಕಡೆಯ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಅವರಿಂದಲೇ ಕೆಲಸ ಕಲಿತ ಚಿಕ್ಕಮ್ಮ ಮದುವೆಯಾಗಿ ನೀಲೇಶ್ವರದ ಕಡೆ ಹೋಗಿ, ದಿನೇಶ್ ಬೀಡಿ ಸಹಕಾರಿ ಸಂಘದ ಶೆಡ್ಡಿನಲ್ಲಿ ಕಟ್ಟಿದರು. ಕೆಲಸ ಒಂದೇ, ಕೈಯ ಚುರುಕೂ ಒಂದೇ. ಆದರೆ ಆ ಕೆಲಸದ ಬಗ್ಗೆ ಇಬ್ಬರೂ ಮಾತಾಡುವ ರೀತಿ ಪೂರ್ತಿ ಬೇರೆ. ಆ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದೇ ಈ ಪ್ರಬಂಧದ ಪ್ರಶ್ನೆ.

ಮಾಡು, ಮಾಡಿಸು

ಮೊದಲು ಪದದಿಂದ ಶುರು ಮಾಡ್ತೇನೆ. ಕನ್ನಡ ವ್ಯಾಕರಣದಲ್ಲಿ ಪ್ರೇರಣೆಗೆ ಹಿಂದಿನಿಂದಲೂ ಒಂದು ಜಾಗ ಉಂಟು. ಧಾತುವಿಗೆ ‘ಇಸು’ ಪ್ರತ್ಯಯ ಸೇರಿದರೆ ಪ್ರೇರಣಾರ್ಥಕ: ಮಾಡು, ಮಾಡಿಸು; ಕಟ್ಟು, ಕಟ್ಟಿಸು. ಮಾಡುವವರು ಒಬ್ಬರು, ಮಾಡಿಸುವವರು ಇನ್ನೊಬ್ಬರು. ನಿರ್ವಹಣಾಶಾಸ್ತ್ರ ಹೇಳುವ ಪ್ರೇರಣೆಯೂ ಬಹುಮಟ್ಟಿಗೆ ಈ ‘ಇಸು’ವೇ. ಡಗ್ಲಸ್ ಮೆಕ್‌ಗ್ರೆಗರ್ 1960ರಲ್ಲಿ ಹೇಳಿದ ಎಕ್ಸ್ ಮತ್ತು ವೈ ಸಿದ್ಧಾಂತಗಳನ್ನೇ ನೋಡಿ. ಜನ ಸ್ವಭಾವತಃ ಸೋಮಾರಿಗಳು, ಕಾವಲು ಬೇಕು ಅನ್ನುವುದು ಎಕ್ಸ್. ಜವಾಬ್ದಾರಿ ಕೊಟ್ಟರೆ ಹೊತ್ತುಕೊಳ್ಳುತ್ತಾರೆ ಅನ್ನುವುದು ವೈ. ಎರಡೂ ಮಾಡಿಸುವವರ ತಲೆಯೊಳಗಿನ ನಂಬಿಕೆಗಳ ವರ್ಣನೆ.

ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಇನ್ನೊಂದು ಭೇದ ಮಾಡಿದರು. ಸಂಬಳ, ಮೇಲ್ವಿಚಾರಣೆ, ಕೆಲಸದ ಜಾಗ ಇವು ಸರಿ ಇಲ್ಲದಿದ್ದರೆ ಅತೃಪ್ತಿ ಹುಟ್ಟುತ್ತದೆ. ಸರಿ ಇದ್ದ ಮಾತ್ರಕ್ಕೆ ಉತ್ಸಾಹ ಬರುವುದಿಲ್ಲ. ಉತ್ಸಾಹ ಬರುವುದು ಸಾಧನೆ, ಮನ್ನಣೆ, ಜವಾಬ್ದಾರಿಗಳಿಂದ. ಆದರೆ ಅವರು ಮಾತಾಡಿಸಿದ್ದು ಅಮೆರಿಕದ ಪಿಟ್ಸ್‌ಬರ್ಗ್ ಕಡೆಯ ಇಂಜಿನಿಯರು, ಲೆಕ್ಕಿಗರನ್ನು. ಜಗಲಿಯಲ್ಲಿ ಬೀಡಿ ಕಟ್ಟುವವರಿಗೆ ಇದು ಎಷ್ಟರ ಮಟ್ಟಿಗೆ ಹೊಂದುತ್ತದೆ?

ಅಜ್ಜಿಯ ಜಗಲಿ

ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು ತರಬೇಕು. ಎಲೆ ನೆನೆಹಾಕಿ, ಅಳತೆಗೆ ಕತ್ತರಿಸಿ, ಪುಡಿ ಹಾಕಿ ಸುರುಳಿ ಮಾಡಿ, ತುದಿ ಮಡಚಿ ನೂಲು ಕಟ್ಟಬೇಕು. ಮಜೂರಿ ಸಾವಿರಕ್ಕೆ ಇಷ್ಟು ಅಂತ. ತೂಕ ಮಾಡಿ ಕೊಟ್ಟ ಎಲೆಯಲ್ಲಿ ಇಷ್ಟು ಬೀಡಿ ಬರಲೇಬೇಕು. ಎಲೆ ಹಾಳಿದ್ದು ಕಡಿಮೆ ಬಂದರೆ ಕೈಯಿಂದ ದುಡ್ಡು ಹಾಕಿ ಎಲೆ ತಗೊಳ್ಬೇಕು. ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ನೋಡಿ ಸರಿ ಇಲ್ಲದ್ದನ್ನು ತೆಗೆದು ಹಾಕುತ್ತಾರೆ. ಅದಕ್ಕೆ ಮಜೂರಿ ಇಲ್ಲ. ಯಾಕೆ ತೆಗೆದಿರಿ ಎಂದು ಕೇಳುವ ಧೈರ್ಯ ಅಜ್ಜಿಗೆ ಇರಲಿಲ್ಲ. “ಕೇಳಿದ್ರೆ ನಾಳೆ ಎಲೆ ಕೊಡ್ಲಿಕ್ಕಿಲ್ಲ ಮಗಾ” ಅಂತ ಇದ್ರು.

ಇನ್ನೂ ಒಂದು ವಿಷಯ. ಅಜ್ಜಿ ಕಟ್ಟಿದ ಬೀಡಿಯನ್ನು ಇನ್ನೊಬ್ಬರ ಹೆಸರಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಮೂವತ್ತು ವರ್ಷ ಕಟ್ಟಿದರೂ ಅವರ ಹೆಸರಲ್ಲಿ ಪಿ.ಎಫ್. ಇಲ್ಲ, ಪಿಂಚಣಿ ಇಲ್ಲ. ಕೆಲಸ ಮಾಡಿದ್ದರು ಅನ್ನುವುದಕ್ಕೆ ಒಂದು ಕಾಗದವೂ ಇಲ್ಲ. ಹರ್ಜ್‌ಬರ್ಗ್ ಹೇಳುವ ಮೊದಲ ಮೆಟ್ಟಿಲೇ ಇಲ್ಲದ ಕಡೆ ಪ್ರೇರಣೆಯ ಮಾತಿಗೆ ಎಂತ ಅರ್ಥ? ಅಜ್ಜಿಯನ್ನು ಕೂರಿಸಿದ್ದು ಮಕ್ಕಳ ಶಾಲೆಯ ಫೀಸು, ಅಕ್ಕಿಯಂಗಡಿಯ ಬಾಕಿ. ಅವರು ಕಟ್ಟುತ್ತಿದ್ದರು, ಬೇರೆ ಯಾರೋ ಕಟ್ಟಿಸುತ್ತಿದ್ದರು.

1968ರ ನಂತರ

ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದದ್ದು 1966ರಲ್ಲಿ. ಕೆಲಸದ ಹೊತ್ತು, ರಜೆ, ಕೆಲಸದ ಜಾಗಕ್ಕೆ ಪರವಾನಗಿ ಎಲ್ಲ ಅದರಲ್ಲಿದ್ದವು. 1968ರಲ್ಲಿ ಕೇರಳ ಸರ್ಕಾರ ಅದನ್ನು ಜಾರಿಗೆ ತರಲು ಹೊರಟಾಗ, ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಖರ್ಚು ಹೆಚ್ಚುತ್ತದೆ ಎಂದು ಇಲ್ಲಿನ ಕೆಲಸ ನಿಲ್ಲಿಸಿದವು. ಸುಮಾರು 12 ಸಾವಿರ ಜನರ ಕೆಲಸ ಹೋಯಿತು. ಆಗ ಕಾಸರಗೋಡು ಬೇರೆ ಜಿಲ್ಲೆಯಲ್ಲ, ಕಣ್ಣೂರು ಜಿಲ್ಲೆಯ ಭಾಗ. 1969ರಲ್ಲಿ ಸರ್ಕಾರದ ಸಾಲದ ಬೆಂಬಲದಿಂದ ಕಾರ್ಮಿಕರೇ ಸದಸ್ಯರಾಗಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಏರುಗಾಲದಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿದರು.

ಅದರ ರಚನೆ ಎರಡು ಹಂತದ್ದು. ಕಣ್ಣೂರಿನ ಕೇಂದ್ರ ಸಂಘ ಎಲೆ, ಹೊಗೆಸೊಪ್ಪು ಖರೀದಿಸುತ್ತದೆ, ಬೀಡಿ ಮಾರುತ್ತದೆ. ಊರೂರಿನ ಪ್ರಾಥಮಿಕ ಸಂಘಗಳು ಶೆಡ್ಡು ನಡೆಸುತ್ತವೆ, ಮಜೂರಿ ಕೊಡುತ್ತವೆ. ಸಣ್ಣ ಸಂಘ ಒಂಟಿಯಾಗಿ ದೊಡ್ಡ ಮಾರುಕಟ್ಟೆಗೆ ಹೋದರೆ ಕಂಪನಿಗಳ ಎದುರು ನಿಲ್ಲಲಾರದು. ಎಲ್ಲವನ್ನೂ ಕಣ್ಣೂರಿನಲ್ಲೇ ಕೂತು ನಡೆಸಿದರೆ ಶೆಡ್ಡಿನಲ್ಲಿ ಎಲೆ ಹಾಳು ಬಂದದ್ದು ಮೇಲಿನವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಎರಡು ಹಂತ. ಪ್ರಾಥಮಿಕ ಸಂಘದ ನಿರ್ದೇಶಕರನ್ನು ಕಾರ್ಮಿಕರು ಆರಿಸುತ್ತಾರೆ; ಜೊತೆಗೆ ಸರ್ಕಾರದ ಪ್ರತಿನಿಧಿಗಳೂ ಇರುತ್ತಾರೆ.

ಇಲ್ಲೂ ಮಜೂರಿ ಸಾವಿರದ ಲೆಕ್ಕವೇ, ತಪಾಸಣೆಯೂ ಉಂಟು. ಆದರೆ ಡಿ.ಎ., ಬೋನಸ್, ರಜೆ, ಹೆರಿಗೆ ರಜೆ, ಪಿ.ಎಫ್. ಬಂದವು. ಚಿಕ್ಕಮ್ಮ ಹೇಳಿದ್ದು ಹೀಗೆ: “ನಮ್ಮಲ್ಲೂ ಬೀಡಿ ತೆಗೆದು ಹಾಕ್ತಿದ್ರು. ಆದ್ರೆ ಯಾಕೆ ಅಂತ ನಾವು ಕೇಳ್ತಿದ್ವಿ. ಅವ್ರು ಉತ್ರ ಕೊಡ್ಬೇಕಿತ್ತು.” ಪುಸ್ತಕಗಳಲ್ಲಿ ನಾನು ಹುಡುಕುತ್ತಿದ್ದ ನಾಯಕತ್ವದ ವ್ಯಾಖ್ಯೆ ನನಗೆ ಸಿಕ್ಕಿದ್ದು ಈ ಮಾತಿನಲ್ಲಿ. ಉತ್ತರ ಕೊಡಬೇಕಾದ ಸ್ಥಾನದಲ್ಲಿ ಇರುವವರೇ ನಾಯಕರು.

ಓದುವವರ ಪಾಲು

ಮಲಬಾರಿನ ಬೀಡಿ ಶೆಡ್ಡುಗಳಲ್ಲಿ ಪತ್ರಿಕೆ ಓದುವ ಕ್ರಮ ಸಹಕಾರಿ ಸಂಘಕ್ಕಿಂತಲೂ ಹಳೆಯದು. ದಿನೇಶ್ ಶೆಡ್ಡುಗಳಲ್ಲೂ ಅದು ಮುಂದುವರಿಯಿತು. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾ ಕಟ್ಟುತ್ತಾರೆ. ಓದುವವರ ಕೈ ನಿಂತಿರುತ್ತದೆ, ಮಜೂರಿ ತಪ್ಪುತ್ತದೆ. ಅದಕ್ಕೆ ಉಳಿದವರು ತಮ್ಮ ಬೀಡಿಯಲ್ಲಿ ಒಂದಷ್ಟು ಅವರ ಪಾಲಿಗೆ ಹಾಕುತ್ತಾರೆ. ಇದನ್ನು ಯಾವ ಮ್ಯಾನೇಜರೂ ಹೇಳಿ ಮಾಡಿಸಿದ್ದಲ್ಲ. ತುಂಡು ಲೆಕ್ಕದ ಮಜೂರಿ ಪ್ರತಿಯೊಬ್ಬರನ್ನೂ ತನ್ನ ಮೊರಕ್ಕೇ ಕಟ್ಟಿಹಾಕುತ್ತದೆ. ಈ ಕ್ರಮ ಅದೇ ಲೆಕ್ಕದೊಳಗೆ ಎಲ್ಲರಿಗೂ ಸೇರಿದ ಒಂದು ಹೊತ್ತನ್ನು ಮಾಡಿಕೊಂಡಿತು.

ನಮಗೆ, ಅಂದರೆ ಗಡಿಯ ಕನ್ನಡದವರಿಗೆ, ಇದರಲ್ಲಿ ಇನ್ನೊಂದು ಮುಖವೂ ಉಂಟು. ಪತ್ರಿಕೆ ಮಲಯಾಳದ್ದು. ಕನ್ನಡ ಶಾಲೆಯಲ್ಲಿ ಐದರವರೆಗೆ ಓದಿದ ಚಿಕ್ಕಮ್ಮ ಮಲಯಾಳ ಕಲಿತದ್ದು ಹೀಗೆ ಕೇಳಿಯೇ. ಆದರೆ ಸಭೆಯಲ್ಲಿ ಎದ್ದು ಮಾತಾಡುವಷ್ಟು ಧೈರ್ಯ ಆ ಭಾಷೆಯಲ್ಲಿ ಅವರಿಗೆ ಬರಲಿಲ್ಲ. ಚುನಾವಣೆಗೆ ನಿಲ್ಲಿ ಎಂದಾಗ ಬೇಡ ಅಂದರಂತೆ. ಮತ ಹಾಕುವ ಹಕ್ಕು ಎಲ್ಲರಿಗೂ ಸಮ ಇದ್ದರೂ, ಸಭೆಯ ಭಾಷೆ ಮನೆಭಾಷೆಯಾದವರಿಗೆ ನಾಯಕತ್ವ ಹತ್ತಿರ. ಅವರು ಇನ್ನೊಂದು ಮಾತೂ ಹೇಳಿದರು: “ಶೆಡ್ಡಲ್ಲಿ ಹೆಂಗಸ್ರೇ ಜಾಸ್ತಿ. ಮೇಲೆ ಕೂತವ್ರು ಮಾತ್ರ ಗಂಡಸ್ರು.”

ಹಾಗಾಗಿ ನಾನು ಇದನ್ನು ಆದರ್ಶ ಅಂತ ಹೇಳ್ತಿಲ್ಲ. ಬೀಡಿ ಆರೋಗ್ಯ ಕೆಡಿಸುವ ವಸ್ತು. ಕಟ್ಟುವವರ ಎದೆಗೂ ಆ ಪುಡಿ ಒಳ್ಳೆಯದಲ್ಲ. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಜಾಗದಲ್ಲಿ ಧೂಮಪಾನ ನಿಷೇಧಿಸಿತು, ಸೇದುವವರೂ ಕಡಿಮೆಯಾದರು. 1990ರ ದಶಕದ ಕೊನೆಯಿಂದ ಸಂಘ ಆಹಾರ ಪದಾರ್ಥ, ಕೊಡೆ, ಬಟ್ಟೆಗಳಿಗೆ ಕೈ ಹಾಕಿತು. ಬೀಡಿ ಶೆಡ್ಡುಗಳಲ್ಲಿ ಜನ ತೀರಾ ಕಡಿಮೆಯಾಗಿದ್ದಾರೆ. ಒಳ್ಳೆಯ ರಚನೆ ಇದ್ದರೂ ಮಾರುಕಟ್ಟೆ ಕುಸಿಯುವುದನ್ನು ತಡೆಯಲಾಗಲಿಲ್ಲ. ಆದರೆ ಕುಸಿಯುವ ಹೊತ್ತಿಗೆ ಕಾರ್ಮಿಕರು ಬರಿಗೈಯಲ್ಲಿ ಇರಲಿಲ್ಲ. ಚಿಕ್ಕಮ್ಮನಿಗೆ ಇವತ್ತು ಸಣ್ಣ ಪಿಂಚಣಿ ಬರ್ತದೆ. ಅಜ್ಜಿಗೆ ಕೊನೆಯವರೆಗೂ ಏನೂ ಬರಲಿಲ್ಲ.

ಚಾಟ್‌ನಲ್ಲಿ ಸೊಲ್ಲಾಪುರದ ಹಿರಿಯರೊಬ್ಬರು ಕೇಳಿದ್ದಾರೆ: ನಮ್ಮಲ್ಲೂ ಬೀಡಿ ಕಟ್ಟುವ ಹೆಂಗಸರಿದ್ದಾರೆ, ಅಲ್ಲಿ ಹೀಗೆ ಯಾಕೆ ಆಗಲಿಲ್ಲ? ಒಳ್ಳೆಯ ಪ್ರಶ್ನೆ ಸರ್. ಸೊಲ್ಲಾಪುರದವರು ಸಹಕಾರದ ದಾರಿಯನ್ನು ಮನೆಗಾಗಿ ಹಿಡಿದರು. ಕುಂಭಾರಿಯಲ್ಲಿ ಗೋದೂತಾಯಿ ಪರುಳೇಕರ್ ಹೆಸರಿನ ಸಂಘದಿಂದ ಬೀಡಿ ಕಾರ್ಮಿಕರಿಗೆ 10 ಸಾವಿರ ಮನೆ ಎದ್ದದ್ದು ಸಣ್ಣ ಸಂಗತಿಯಲ್ಲ. ಮನೆ ತಮ್ಮದಾಯಿತು, ಕೆಲಸ ಮಾತ್ರ ಬೇರೆಯವರದ್ದಾಗಿಯೇ ಉಳಿಯಿತು. ನಮ್ಮಲ್ಲಿ ಕಂಪನಿಗಳೇ ಬಿಟ್ಟು ಹೋದದ್ದರಿಂದ ಕೆಲಸವನ್ನೇ ಕೈಗೆ ತಗೊಳ್ಳಬೇಕಾಯಿತು, ಸರ್ಕಾರವೂ ಜೊತೆಗೆ ನಿಂತಿತು. ಎರಡೂ ಸೇರಿ ಬರುವುದು ಅಪರೂಪ.

ಕನ್ನಡದಲ್ಲಿ ಬೀಡಿಯನ್ನೂ ಕಟ್ಟುತ್ತೇವೆ, ಸಂಘವನ್ನೂ ಕಟ್ಟುತ್ತೇವೆ. ಈಗ ನನ್ನ ತಮ್ಮ ಮಂಗಳೂರಿನಲ್ಲಿ ಬೈಕಿನಲ್ಲಿ ಊಟದ ಪಾರ್ಸೆಲ್ ಮುಟ್ಟಿಸ್ತಾನೆ. ಅವನದ್ದೂ ತುಂಡು ಲೆಕ್ಕ. ಕಡಿತ ಯಾಕಾಯ್ತು ಎಂದು ಕೇಳಲು ಅವನಿಗೆ ಬ್ರಾಂಚೂ ಇಲ್ಲ, ಫೋನು ಮಾತ್ರ. ಅಜ್ಜಿ ಇದ್ದಿದ್ದರೆ ಆ ಕೆಲಸವನ್ನು ತಕ್ಷಣ ಗುರುತು ಹಿಡಿಯುತ್ತಿದ್ದರು. ಅವನ ವಾರಗೆಯವರು ಎಂತ ಕಟ್ಟುತ್ತಾರೆ ಅನ್ನುವುದು ನನ್ನ ಮುಂದಿನ ಅಧ್ಯಯನದ ಪ್ರಶ್ನೆ. ನಿಮ್ಮ ನಿಮ್ಮ ಊರಿನ ಅನುಭವ ಹೇಳಿದರೆ ನನಗೆ ಉಪಕಾರವಾಗ್ತದೆ.