ಬೇಲಿಯ ಓತಿಕ್ಯಾತಕ್ಕೆ ಕಲ್ಲೇಕೆ?

‘ಓತಿಕ್ಯಾತಕ್ಕೆ ಬೇಲಿ ಸಾಕ್ಷಿ’ ಎಂಬ ಗಾದೆಯನ್ನು ಕೇಳದವರಿಲ್ಲ. ನಮ್ಮ ತಾಳವಾಡಿ ಸೀಮೆಯಲ್ಲಿ ಬೇಲಿಯ ಮೇಲೆ ತಲೆ ಕುಣಿಸುವ ಓತಿಯನ್ನು ಕಂಡೊಡನೆ ಹುಡುಗರ ಕೈ ಕಲ್ಲಿಗೆ ಹೋಗುತ್ತದೆ. ಅದರ ಕತ್ತು ಕೆಂಪಾದರೆ ರಕ್ತ ಹೀರುತ್ತದೆಂದೂ, ಗೋಸುಂಬೆ ಬಣ್ಣ ಬದಲಿಸಿದರೆ ವಿಷವೆಂದೂ ಹೇಳುವುದುಂಟು. ಎರಡೂ ಸುಳ್ಳು. ಗಂಡು ಓತಿ ಕೆಂಪೇರುವುದು ಹೆಣ್ಣನ್ನು ಒಲಿಸುವುದಕ್ಕೆ, ಎದುರಾಳಿ ಗಂಡನ್ನು ಹೆದರಿಸುವುದಕ್ಕೆ. ಗೋಸುಂಬೆಯಲ್ಲಿ ವಿಷವೇ ಇಲ್ಲ.

ಹಾಗಾದರೆ ಈ ಬಡಪ್ರಾಣಿಗಳು ಹದ್ದು, ಹಾವು, ಬೆಕ್ಕುಗಳಿಂದ ಬದುಕುವುದು ಹೇಗೆ? ಮೊದಲ ಉಪಾಯ, ಅಲುಗಾಡದೆ ಕೂತು ಕಣ್ಣು ತಪ್ಪಿಸುವುದು. ಗೋಸುಂಬೆ ನಡೆದರೂ ಗಾಳಿಗೆ ಎಲೆ ತೂಗಿದಂತೆ ತೂಗುತ್ತ ನಡೆಯುತ್ತದೆ. ಅದಕ್ಕೂ ಮೀರಿ ಶತ್ರು ಹತ್ತಿರ ಬಂದರೆ ಮೈ ಉಬ್ಬಿಸಿ, ಬಾಯಿ ತೆರೆದು, ಬುಸುಗುಟ್ಟುತ್ತದೆ. ನಾವು ಕೋಪವೆಂದು ತಿಳಿಯುವುದು ಅದರ ಹೆದರಿಕೆ.

ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ್ದು ಅಮೆರಿಕದ ಒಣಸೀಮೆಯ ಕೊಂಬಿನ ಓತಿ. ಅದರ ತಲೆಯ ಸುತ್ತ ಮುಳ್ಳಿನಂಥ ಕೊಂಬುಗಳಿವೆ. ಮೈ ಉಬ್ಬಿಸಿದರೆ ಹಾವಿಗೆ ನುಂಗಲು ಕಷ್ಟ. ಅದರ ಕೆಲವು ಜಾತಿಗಳು, ನಾಯಿ ನರಿಗಳು ಹಿಡಿಯಬಂದರೆ, ಕಣ್ಣಿನ ಅಂಚಿನಿಂದ ರಕ್ತವನ್ನು ಮೂರು ನಾಲ್ಕು ಅಡಿ ದೂರ ಚಿಮ್ಮಿಸುತ್ತವೆ! ಆ ರಕ್ತದ ಕೆಟ್ಟ ರುಚಿಗೆ ನಾಯಿ ತಲೆ ಕೊಡವಿ ಹಿಂದೆ ಸರಿಯುತ್ತದೆ.

ಇಷ್ಟು ಆಯುಧಗಳಿದ್ದೂ ಟೆಕ್ಸಾಸ್ ಪ್ರಾಂತದ ಬಹುಭಾಗದಲ್ಲಿ ಅದು ಅಪರೂಪವಾಯಿತು. 1977ರಲ್ಲಿ ಅಲ್ಲಿಯ ಸರ್ಕಾರ ಅದನ್ನು ಅಪಾಯದಲ್ಲಿರುವ ಪ್ರಾಣಿಯೆಂದು ಸಾರಬೇಕಾಯಿತು. ಅದರ ಮುಖ್ಯ ಆಹಾರ ಕಾಳು ಕೂಡಿಡುವ ಇರುವೆ. ಹೊರದೇಶದಿಂದ ಬಂದ ಬೆಂಕಿ ಇರುವೆ ಈ ಇರುವೆಗಳನ್ನು ಓಡಿಸಿತು. ಬೆಂಕಿ ಇರುವೆಗೆಂದು ಹಾಕಿದ ವಿಷ ಇವನ್ನೂ ಕೊಂದಿತು. ಬಯಲೂ ಉಳುಮೆಗೆ, ಊರಿಗೆ ಹೋಯಿತು. ನಾಯಿಯನ್ನು ಗೆದ್ದ ಓತಿ ಹಸಿವಿಗೆ ಸೋತಿತು.

ರೈತ ಬಂಧುಗಳೆ, ನಮ್ಮ ಓತಿಯ ಊಟವೂ ಮಿಡತೆ, ಇರುವೆ, ಜೀರುಂಡೆ, ಹುಳುಗಳೇ. ಕೂಲಿ ಕೇಳದ ಈ ಆಳನ್ನು ಉಳಿಸಿಕೊಳ್ಳಲು ಖರ್ಚೇನೂ ಇಲ್ಲ. ಕೋಸು, ಟೊಮೇಟೊಗೆ ಔಷಧಿ ಹೊಡೆಯುವ ಮುನ್ನ ಎಲೆ ತಿರುವಿ ಹುಳು ಇದೆಯೇ ನೋಡಿರಿ; ವಾರದ ಲೆಕ್ಕಕ್ಕೆ ಹೊಡೆಯಬೇಡಿರಿ. ಬೇಲಿಗೆ ಔಷಧಿ ತಾಗಿಸಬೇಡಿರಿ, ಬೆಂಕಿ ಇಡಬೇಡಿರಿ. ಹೆಣ್ಣು ಓತಿ ನೆಲ ಬಗೆದು ಮೊಟ್ಟೆ ಇಡುತ್ತದೆ. ಬೇಲಿಯ ಬುಡದಲ್ಲಿ ಒಂದು ಮೊಳ ಮಣ್ಣನ್ನು ಕೆದಕದೆ ಬಿಡಿರಿ.

ಮಕ್ಕಳು ಕಲ್ಲೆತ್ತಿದಾಗ ಗದರಿಸುವುದಕ್ಕಿಂತ ಪಕ್ಕದಲ್ಲಿ ಕೂತು, ಓತಿ ಮಿಡತೆ ಹಿಡಿಯುವುದನ್ನು ಒಮ್ಮೆ ತೋರಿಸಿರಿ. ಕೈಯ ಕಲ್ಲು ತಾನಾಗಿ ಕೆಳಗೆ ಬೀಳುತ್ತದೆ.