ಹುಡುಕಾಟದ ಖರ್ಚು: ಬೆಲೆ ಏರಿದರೆ ಹಬ್ಬ, ಇಳಿದರೆ ಉಪವಾಸ

ಬೋರ್‌ವೆಲ್ ಕೊರೆಸಿದವರಿಗೆಲ್ಲ ಗೊತ್ತಿರುವ ಸಂಗತಿ ಇದು: ನೀರು ಸಿಕ್ಕರೂ ಸರಿ, ಬರೀ ಧೂಳು ಬಂದರೂ ಸರಿ, ಕೊರೆದ ಅಡಿಗಳ ಲೆಕ್ಕದಲ್ಲಿ ಹಣ ಕೊಡಲೇಬೇಕು. ಖನಿಜ ಹಾಗೂ ತೈಲದ ಅನ್ವೇಷಣೆಯೂ ಇಂಥದ್ದೇ ವ್ಯವಹಾರ. ಆದರೆ ಇಲ್ಲಿ ಖರ್ಚು ಕೋಟಿಗಳಲ್ಲಿ, ಕಾಯುವಿಕೆ ವರ್ಷಗಳಲ್ಲಿ. ಹಾಗಾದರೆ ಒಂದು ದೇಶ ಇಂಥ ಹುಡುಕಾಟಕ್ಕೆ ಯಾವಾಗ ಧಾರಾಳವಾಗಿ ಹಣ ಸುರಿಯುತ್ತದೆ, ಯಾವಾಗ ಕೈ ಬಿಗಿ ಹಿಡಿಯುತ್ತದೆ?

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ಅನ್ವೇಷಣೆ ಎಂದರೆ ಗಣಿಗಾರಿಕೆಯಲ್ಲ. ಅದಕ್ಕೂ ಹಿಂದಿನ ಹಂತ. ಬಂಡೆ ಮತ್ತು ಮಣ್ಣಿನ ಮಾದರಿಗಳ ಪರೀಕ್ಷೆ, ನೆಲದ ಗುರುತ್ವ ಹಾಗೂ ಕಾಂತೀಯ ಗುಣಗಳ ಅಳತೆ ಇವೆಲ್ಲ ಮುಗಿದ ಮೇಲೆ ಕೊರೆದು ನೋಡಬೇಕು. ತೈಲವಾದರೆ ಕೃತಕ ಕಂಪನಗಳನ್ನು ಭೂಮಿಯೊಳಕ್ಕೆ ಕಳುಹಿಸಿ, ಮರಳಿ ಬರುವ ಅಲೆಗಳಿಂದ ಒಳಪದರಗಳ ಚಿತ್ರ ಬಿಡಿಸುತ್ತಾರೆ. ಇಷ್ಟಾದರೂ ಕೊರೆದ ರಂಧ್ರಗಳಲ್ಲಿ ಹೆಚ್ಚಿನವು ಬರಿದೇ!

ಆಸ್ಟ್ರೇಲಿಯಾ ಹೇಳುವ ಕಥೆ

ಈ ಖರ್ಚಿನ ಏರಿಳಿತವನ್ನು ಅರಿಯಲು ಆಸ್ಟ್ರೇಲಿಯಾ ಒಳ್ಳೆಯ ಉದಾಹರಣೆ. ಅಲ್ಲಿನ ಅಂಕಿಅಂಶ ಸಂಸ್ಥೆ ಮೂರು ತಿಂಗಳಿಗೊಮ್ಮೆ ಅನ್ವೇಷಣೆಗೆ ಎಷ್ಟು ಹಣ ವ್ಯಯವಾಯಿತು, ಎಷ್ಟು ಮೀಟರ್ ಕೊರೆಯಲಾಯಿತು ಎಂಬುದನ್ನು ಪ್ರಕಟಿಸುತ್ತದೆ. ಅದರ ಪ್ರಕಾರ ಖನಿಜ ಶೋಧಕ್ಕೆ 2011-12ರಲ್ಲಿ ಸುಮಾರು 390 ಕೋಟಿ ಆಸ್ಟ್ರೇಲಿಯನ್ ಡಾಲರ್ ಖರ್ಚಾಗಿತ್ತು. 2015-16ರ ವೇಳೆಗೆ ಅದು ಸುಮಾರು 140 ಕೋಟಿಗೆ ಕುಸಿಯಿತು. 2022-23ರಲ್ಲಿ ಮತ್ತೆ 400 ಕೋಟಿಯ ಆಸುಪಾಸಿಗೆ ಬಂತು. ವಿದ್ಯಾರ್ಥಿಗಳು ಈ ಮೂರು ಅಂಕಿಗಳನ್ನು ನಕ್ಷೆಯ ಹಾಳೆಯ ಮೇಲೆ ಗುರುತಿಸಿದರೆ ಎರಡು ಗುಡ್ಡಗಳ ನಡುವಿನ ಆಳವಾದ ಕಣಿವೆ ಕಾಣಿಸುತ್ತದೆ.

ಈ ಕಣಿವೆಗೆ ಕಾರಣವೇನು? ನೆಲದಡಿಯ ಖನಿಜ ಮಾಯವಾಯಿತೆ? ಇಲ್ಲ, ಬೆಲೆ ಇಳಿಯಿತು, ಅಷ್ಟೆ. 2011ರ ಆರಂಭದಲ್ಲಿ ಟನ್ನಿಗೆ 180 ಅಮೆರಿಕನ್ ಡಾಲರ್ ದಾಟಿದ್ದ ಕಬ್ಬಿಣದ ಅದಿರು 2015ರ ಡಿಸೆಂಬರ್‌ನಲ್ಲಿ 40 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. ತೈಲದ ಹಣೆಬರಹವೂ ಅದೇ ಆಯಿತು. 2014ರ ಮಧ್ಯಭಾಗದಲ್ಲಿ ಪೀಪಾಯಿಗೆ 110 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ 30 ಡಾಲರ್‌ಗೂ ಕೆಳಗಿಳಿಯಿತು. ಸಮುದ್ರದಲ್ಲಿ ಬಾವಿ ಕೊರೆಯುವುದು ಬಲು ದುಬಾರಿಯಾದ್ದರಿಂದ ಕಂಪನಿಗಳು ತೈಲ ಅನ್ವೇಷಣೆಯಲ್ಲೂ ಕೈ ಬಿಗಿ ಹಿಡಿದವು.

ವ್ಯಾಪಾರದ ದೃಷ್ಟಿಯಿಂದ ಇದು ಸಹಜವೇ. ತೊಡಕಿರುವುದು ಕಾಲದ ಲೆಕ್ಕದಲ್ಲಿ. ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್‌ನಲ್ಲಿ ತಾಮ್ರ, ಯುರೇನಿಯಂ ಹಾಗೂ ಚಿನ್ನದ ಭಾರಿ ನಿಕ್ಷೇಪ ಪತ್ತೆಯಾದದ್ದು 1975ರಲ್ಲಿ. ಅದಿರು ಅಡಗಿದ್ದದ್ದು 300 ಮೀಟರ್‌ಗಿಂತ ಹೆಚ್ಚು ದಪ್ಪದ ಬರಡು ಪದರದ ಕೆಳಗೆ. ಅಲ್ಲಿ ಉತ್ಪಾದನೆ ಆರಂಭವಾದದ್ದು 1988ರಲ್ಲಿ, ಅಂದರೆ ಹದಿಮೂರು ವರ್ಷಗಳ ನಂತರ! ಇಂದು ಉಳಿಸಿದ ಅನ್ವೇಷಣೆಯ ಹಣಕ್ಕೆ ಮುಂದಿನ ಪೀಳಿಗೆ ಬೆಲೆ ತೆರಬೇಕಾಗಬಹುದು ಎನ್ನುವುದು ಇದಕ್ಕಾಗಿಯೇ.

ಇನ್ನೂ ಒಂದು ಸಂಗತಿಯಿದೆ. ಆಸ್ಟ್ರೇಲಿಯಾದಲ್ಲಿ ಇತ್ತೀಚಿನ ವರ್ಷಗಳಲ್ಲಿ ಖನಿಜ ಶೋಧದ ಹಣದ ದೊಡ್ಡ ಪಾಲು ಹೋಗುವುದು ಈಗಾಗಲೇ ಗೊತ್ತಿರುವ ನಿಕ್ಷೇಪಗಳ ಅಕ್ಕಪಕ್ಕಕ್ಕೆ. ಹೊಸ ಜಾಗಕ್ಕೆ ಉಳಿಯುವುದು ಸಣ್ಣ ಪಾಲು. ಒಟ್ಟು ಖರ್ಚು ಏರಿದೆಯೆಂದ ಮಾತ್ರಕ್ಕೆ ಹೊಸ ನಿಕ್ಷೇಪಗಳ ಹುಡುಕಾಟವೂ ಅಷ್ಟೇ ಏರಿದೆ ಎನ್ನಲಾಗದು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಈ ಕೆಲಸದ ಹೆಚ್ಚಿನ ಭಾರ ಬಹುಕಾಲ ಸರ್ಕಾರದ ಹೆಗಲ ಮೇಲೆಯೇ ಇತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1851ರಷ್ಟು ಹಳೆಯದು. ಓಎನ್‌ಜಿಸಿ ಹುಟ್ಟಿದ್ದು 1956ರಲ್ಲಿ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು, ಗಣಿ ಗುತ್ತಿಗೆದಾರರು ತಾವು ಕಟ್ಟುವ ರಾಯಧನದ ಶೇ. 2ಕ್ಕೆ ಸಮನಾದ ಮೊತ್ತವನ್ನು ಅನ್ವೇಷಣೆಯ ನಿಧಿಗೆ ನೀಡಬೇಕೆಂದು ವಿಧಿಸಲಾಯಿತು. ಇಂದಿನ ಗಣಿಯ ಆದಾಯದಿಂದ ನಾಳಿನ ಗಣಿಗೆ ಬೀಜ ತೆಗೆದಿಡುವ ಕ್ರಮವಿದು. ರೈತ ಸುಗ್ಗಿಯಲ್ಲೇ ಬಿತ್ತನೆ ಬೀಜ ಎತ್ತಿಡುವುದಿಲ್ಲವೇ?

ಇದರ ಅಗತ್ಯಕ್ಕೆ ನಮ್ಮ ಮಂಡ್ಯವೇ ಸಾಕ್ಷಿ. ಜಿಲ್ಲೆಯ ಅಲ್ಲಾಪಟ್ಟಣದ ಸುತ್ತಮುತ್ತ ಸುಮಾರು 1,600 ಟನ್ ಲಿಥಿಯಂ ಇರಬಹುದೆಂಬ ಆರಂಭಿಕ ಅಂದಾಜನ್ನು ಪರಮಾಣು ಖನಿಜ ನಿರ್ದೇಶನಾಲಯ ನೀಡಿತು. 2021ರಲ್ಲಿ ಅದು ಸುದ್ದಿಯಾಯಿತು. ಅಂದಾಜು ಬೇರೆ, ಗಣಿ ಬೇರೆ. ನಡುವೆ ಇನ್ನಷ್ಟು ಕೊರೆತ, ಇನ್ನಷ್ಟು ಖರ್ಚು ಇದೆ. ಅಷ್ಟರಲ್ಲಿ 2022ರ ಕೊನೆಗೆ ಶಿಖರ ಮುಟ್ಟಿದ್ದ ಲಿಥಿಯಂ ಬೆಲೆ 2024ರ ಹೊತ್ತಿಗೆ ಐದನೇ ಒಂದು ಭಾಗಕ್ಕಿಂತಲೂ ಕೆಳಗಿಳಿದಿತ್ತು. ಬೆಲೆಯನ್ನಷ್ಟೇ ನೋಡುವವರು ಇಂಥ ಹೊತ್ತಿನಲ್ಲಿ ರಿಗ್ ಎತ್ತಿಕೊಂಡು ಹೊರಡುತ್ತಾರೆ. ಬ್ಯಾಟರಿಯ ಲಿಥಿಯಂಗೆ ಹೊರದೇಶಗಳನ್ನು ಅವಲಂಬಿಸಿರುವ ನಮಗೆ ಆ ಅನುಕೂಲವಿಲ್ಲ.

ಪೋಷಕರಿಗೂ ಒಂದು ಮಾತು. ಬೆಲೆ ಏರಿದ ವರ್ಷ ಭೂವಿಜ್ಞಾನಕ್ಕೆ ಸೇರಿದ ಹುಡುಗ ಪದವಿ ಮುಗಿಸುವ ಹೊತ್ತಿಗೆ ಬೆಲೆ ಇಳಿದಿರಬಹುದು. ಯಾರೂ ಸೇರದ ವರ್ಷ ಸೇರಿದ ಹುಡುಗಿಗೆ ಕೆಲಸ ಕಾದಿರಬಹುದು. ಆದ್ದರಿಂದ ಆ ವರ್ಷದ ಗದ್ದಲ ನೋಡಿ ಕೋರ್ಸ್ ಆರಿಸಬೇಡಿ, ಮಗುವಿನ ಆಸಕ್ತಿ ನೋಡಿ. ಭೂವಿಜ್ಞಾನ ಕಲಿತವರಿಗೆ ಅಂತರ್ಜಲ, ಸುರಂಗ, ಅಣೆಕಟ್ಟುಗಳ ಕ್ಷೇತ್ರದಲ್ಲೂ ಕೆಲಸವಿದೆ. ಸ್ನಾತಕೋತ್ತರ ಪದವಿ ಪಡೆದವರು ಕೇಂದ್ರ ಲೋಕಸೇವಾ ಆಯೋಗದ ಭೂವಿಜ್ಞಾನಿ ಪರೀಕ್ಷೆ ಬರೆಯಬಹುದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಬುನಾದಿ ಭದ್ರವಾಗಿದ್ದರೆ ಮುಂದಿನ ದಾರಿ ಸಲೀಸು.